ಮಂಡಿಯ ಕೆಳಗಿನ ದಿಂಬನ್ನು ತೆಗೆಯಿರಿ

ಮಂಡಿಯ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರು ನಿಮ್ಮ ಮನೆಯಲ್ಲಿದ್ದರೆ, ಅವರ ಮಂಡಿಯ ಕೆಳಗೆ ದಿಂಬು ಇದೆಯೇ ಎಂದು ಮೊದಲು ನೋಡಿ. ವೈದ್ಯರೇ ಇಡಲು ಹೇಳಿರದಿದ್ದರೆ ತೆಗೆದುಬಿಡಿ. ಉಳಿದದ್ದನ್ನು ಆಮೇಲೆ ಓದಬಹುದು.

ಕಳೆದ ಮಳೆಗಾಲದಲ್ಲಿ ತೋಟದ ಸಂಕ, ಅಂದರೆ ಕಾಲುಸೇತುವೆ, ದಾಟುವಾಗ ಜಾರಿದೆ. ಪಾದ ಎರಡು ಅಡಿಕೆ ದಬ್ಬೆಗಳ ನಡುವೆ ಸಿಕ್ಕಿಕೊಂಡಿತು, ಮೈ ತಿರುಗಿತು, ಮಂಡಿಯೊಳಗೆ ಟಪ್ಪೆಂದ ಸದ್ದು ನನಗೇ ಕೇಳಿಸಿತು. ಮಂಡಿಯೊಳಗೆ ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿದಿತ್ತು. ತೊಡೆಯ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು ಹೊಸದನ್ನು ಜೋಡಿಸಿದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಮನೆಯಲ್ಲಿ.

ಮೊದಲ ರಾತ್ರಿ ನಾನು ನರಳುವುದನ್ನು ನೋಡಲಾರದೆ ಅಮ್ಮ ಹತ್ತಿಯ ದಿಂಬೊಂದನ್ನು ಮಂಡಿಯಡಿ ಇಟ್ಟರು. ತಕ್ಷಣ ಹಾಯೆನಿಸಿತು. ಊದಿದ ಕೀಲು ತುಸು ಬಾಗಿದ್ದಾಗ ಒಳಗಿನ ಒತ್ತಡ ಇಳಿಯುತ್ತದೆ, ಅದಕ್ಕೇ ಆ ಹಿತ. ಐದು ವಾರ ಹಾಗೆಯೇ ಮಲಗಿದೆ. ಫಿಸಿಯೋಥೆರಪಿಗೆ ಪೇಟೆಗೆ ಹೋಗಲು ಎರಡು ಗಂಟೆಯ ದಾರಿ, ಮಳೆ ಬೇರೆ. ಎರಡು ಸಲ ಹೋಗಿ ಬಿಟ್ಟುಬಿಟ್ಟೆ. ಅಷ್ಟರಲ್ಲಿ ಮಂಡಿಯ ಹಿಂಭಾಗ ಬಿಗಿದುಕೊಂಡಿತು, ತೊಡೆಯ ಮುಂಭಾಗದ ಸ್ನಾಯು ಸೊರಗಿತು. ಎದ್ದು ನಿಂತರೆ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ.

ವೈದ್ಯರು ನನ್ನನ್ನು ಬೋರಲು ಮಲಗಿಸಿ, ಮಂಡಿಯಿಂದ ಕೆಳಗಿನ ಭಾಗ ಮಂಚದ ಅಂಚಿನಾಚೆ ಇರುವಂತೆ ಮಾಡಿ, ಎರಡೂ ಹಿಮ್ಮಡಿಗಳ ಎತ್ತರ ಅಳೆದರು. ವ್ಯತ್ಯಾಸ 9 ಸೆಂ.ಮೀ. ಒಂದು ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯೆಂದು ಲೆಕ್ಕ. ಅಂದರೆ ಕಾಲು ನೇರವಾಗಲು ಇನ್ನೂ 9 ಡಿಗ್ರಿ ಬಾಕಿ. ಹೀಗೇ ಬಿಟ್ಟರೆ ಒಳಗೆ ಬೆಳೆದ ಗಾಯದ ಅಂಗಾಂಶವನ್ನು ತೆಗೆಯಲು ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದರು.

ಮುಂದಿನ ನಾಲ್ಕು ತಿಂಗಳನ್ನು ನೆನೆಯಲು ಈಗಲೂ ಭಯ. ಸುತ್ತಿದ ಟವೆಲ್ಲಿನ ಮೇಲೆ ಹಿಮ್ಮಡಿ, ಮಂಡಿಯ ಕೆಳಗೆ ಬರೀ ಗಾಳಿ. ತೊಡೆ ಬಿಗಿದು ಮಂಡಿಯನ್ನು ಕೆಳಕ್ಕೆ ಒತ್ತಬೇಕು, ದಿನಕ್ಕೆ ಹಲವು ಸಲ. ಮೊದಲ ದಿನಗಳಲ್ಲೇ ಮಾಡಿದ್ದರೆ ಇಷ್ಟು ಅಳಬೇಕಾಗಿರಲಿಲ್ಲ. ಕಾಲೆತ್ತಿ ಇಡಬೇಕೆನಿಸಿದರೆ ದಿಂಬು ಹಿಮ್ಮಡಿಯ ಕೆಳಗಿರಲಿ. ಮಂಡಿಗೆ ಆಧಾರವಾಗಿ ಕಟ್ಟುವ ಬ್ರೇಸನ್ನು ವೈದ್ಯರು ಒಂದು ಕೋನಕ್ಕೆ ಹೊಂದಿಸಿದ್ದರೆ ಅದನ್ನು ಮಾತ್ರ ಮುಟ್ಟಬೇಡಿ.

ಇನ್ನೊಂದು ಮಾತು. ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಯಾರಿಂದಲೂ ಎಣ್ಣೆ ಹಚ್ಚಿಸಿ ನೀವಿಸಿಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ತೋರಿಸಿ.

ಆಸ್ಪತ್ರೆಯಿಂದ ಬರುವಾಗ ಕೊಟ್ಟ ಹಾಳೆಯನ್ನು ಮೊನ್ನೆ ಎಂಆರ್‌ಐ ಲಕೋಟೆಯಿಂದ ತೆಗೆದು ಓದಿದೆ. ದಿಂಬು ಇಡಬಾರದೆಂಬ ಸಾಲು ಎರಡನೆಯ ಪುಟದಲ್ಲಿತ್ತು, ಇಂಗ್ಲಿಷಿನಲ್ಲಿ. ಅಮ್ಮನಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಓದಿರಲಿಲ್ಲ. ಅವರಿಗೆ ನೋವಾದೀತೆಂದು ಇಷ್ಟು ದಿನ ಸುಮ್ಮನಿದ್ದೆ. ಈ ವಾರ ಹೇಳಿಬಿಟ್ಟೆ: ಬರುವ ತಿಂಗಳು ಚಿಕ್ಕಪ್ಪನಿಗೆ ಮಂಡಿ ಬದಲಿ ಶಸ್ತ್ರಚಿಕಿತ್ಸೆಯಿದೆ, ಆರೈಕೆಗೆ ಹೋಗುವವರು ಅಮ್ಮನೇ.