ಅಪ್ಪನ ಕರುಳಿನ ರಿಪೋರ್ಟ್ ಎರಡು ಸಲ ಬಂತು – ಕೋಲಾರದ ಒಂದು ಪೆಥಾಲಜಿ ಲ್ಯಾಬಿಗೆ 5ಕ್ಕೆ 3

ಕೋಲಾರದಲ್ಲಿ ದೊಡ್ಡ ಕರುಳಿನ ಆಪರೇಷನ್ ಮಾಡಿಸಿ, ತೆಗೆದ ಭಾಗವನ್ನು ಊರಿನ ಲ್ಯಾಬಿಗೇ ಪರೀಕ್ಷೆಗೆ ಕೊಡುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಲ್ಯಾಬಿನ ಹೆಸರು ಹಾಕುವುದಿಲ್ಲ. ಅವರ ಕಡೆಯಿಂದ ದೊಡ್ಡ ಲೋಪ ಆಯಿತು, ಆಮೇಲೆ ಅದೇ ಲ್ಯಾಬಿನ ಡಾಕ್ಟರು ಕೂತು ಅದನ್ನು ಸರಿ ಮಾಡಿದರು. ಎರಡನ್ನೂ ಹೇಳಬೇಕು.

ಅಪ್ಪನಿಗೆ 62 ವರ್ಷ. ಶ್ರೀನಿವಾಸಪುರದ ಕಡೆ ನಮ್ಮದು ಮಾವಿನ ತೋಟ. ಒಂದು ವರ್ಷದಿಂದ ಸುಸ್ತು ಸುಸ್ತು ಅನ್ನುತ್ತಿದ್ದರು, ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ನುಂಗುತ್ತಲೇ ಇದ್ದರು. ಕೊನೆಗೆ ಕೊಲೊನೊಸ್ಕೋಪಿ ಮಾಡಿದಾಗ ಬಲಭಾಗದ ಕರುಳಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಒಂದು ಶನಿವಾರ ಆಪರೇಷನ್ ಆಯಿತು. ಸಂಜೆ ಥಿಯೇಟರ್‌ನಿಂದ ಸಿಸ್ಟರ್ ಬಂದು ಒಂದು ಪ್ಲಾಸ್ಟಿಕ್ ಡಬ್ಬ ಕೈಗೆ ಕೊಟ್ಟು, "ಇದನ್ನು ಬಯಾಪ್ಸಿಗೆ ಕೊಟ್ಟು ಬನ್ನಿ" ಅಂದರು. ತಮ್ಮ ಸ್ಕೂಟರ್ ಓಡಿಸಿದ, ನಾನು ಹಿಂದೆ ಡಬ್ಬ ತಬ್ಬಿಕೊಂಡು ಕೂತಿದ್ದೆ. ಒಳಗೆ ಪೀಸು ಕೆಡದಂತೆ ಹಾಕುವ ನೀರಿನಂಥ ಫಾರ್ಮಲಿನ್ ಇತ್ತು, ಆದರೆ ಕರುಳು ಅರ್ಧ ಮಾತ್ರ ಮುಳುಗಿತ್ತು. ಲ್ಯಾಬಿನ ಕೌಂಟರಿನಲ್ಲಿ ಇದ್ದ ಹುಡುಗ ದುಡ್ಡು ತಗೊಂಡು, ಡಬ್ಬಕ್ಕೆ ನಂಬರ್ ಅಂಟಿಸಿ ಶೆಲ್ಫಿನಲ್ಲಿಟ್ಟ. ಸೋಮವಾರದ ತನಕ ಯಾರೂ ಅದನ್ನು ತೆರೆದಿಲ್ಲ ಅಂತ ನಮಗೆ ಆಮೇಲೆ ಗೊತ್ತಾಗಿದ್ದು.

ಇದು ಯಾಕೆ ಮುಖ್ಯ ಅಂದರೆ, ಮೈಕ್ರೋಸ್ಕೋಪಿನಲ್ಲಿ ನೋಡುವ ಮುಂಚೆಯೇ ಅರ್ಧ ಕೆಲಸ ಕೆಡಬಹುದು. ಕರುಳನ್ನು ಉದ್ದಕ್ಕೆ ಸೀಳಿ, ತೊಳೆದು, ಅದರ ಗಾತ್ರದ ಸುಮಾರು ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಬೇಕಂತೆ. ಹಾಗೆ ಮಾಡದಿದ್ದರೆ ದ್ರವ ಒಳಗೆ ಇಳಿಯುವುದಿಲ್ಲ, ಮಧ್ಯದ ಭಾಗ ಅಲ್ಲೇ ಕೆಡುತ್ತಾ ಹೋಗುತ್ತದೆ. ಸರಿಯಾಗಿ ಹದ ಆಗದ ಪೀಸಿನಲ್ಲಿ ಜೀವಕೋಶಗಳು ಕುಗ್ಗಿ ಸುತ್ತ ಖಾಲಿ ಜಾಗ ಬಿಡುತ್ತವೆ. ಆ ಖಾಲಿ ಜಾಗ ನೋಡಲು ರಕ್ತನಾಳದ ಹಾಗೇ ಕಾಣುತ್ತದೆ. ಕ್ಯಾನ್ಸರ್ ನಾಳದೊಳಗೆ ನುಗ್ಗಿದೆಯೋ ಇಲ್ಲವೋ ಅಂತ ಹೇಳುವುದು ಆಗ ಎಂಥ ಡಾಕ್ಟರಿಗೂ ಕಷ್ಟ.

ಒಂಬತ್ತನೇ ದಿನ ರಿಪೋರ್ಟ್ ಬಂತು. ಒಂದೇ ಹಾಳೆ. ಅಡಿನೋಕಾರ್ಸಿನೋಮ (ಗ್ರಂಥಿಯ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್), ಟಿ3 (ಕರುಳಿನ ಸ್ನಾಯು ಪದರ ದಾಟಿದೆ), ಕೊಯ್ದ ಎರಡೂ ತುದಿಯ ಅಂಚು ಕ್ಲಿಯರ್, 7 ಲಿಂಫ್ ನೋಡ್ (ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಸೇರುವ ಚಿಕ್ಕ ಗಂಟುಗಳು) ನೋಡಿದ್ದೇವೆ, 7ರಲ್ಲೂ ಕ್ಯಾನ್ಸರ್ ಇಲ್ಲ. ಅಂದರೆ ಎರಡನೇ ಹಂತ. ಅಮ್ಮ ಆವತ್ತೇ ಕೋಲಾರಮ್ಮನ ಗುಡಿಗೆ ಹೋಗಿ ಬಂದರು. ನಾವೆಲ್ಲ ಇನ್ನು ಕೀಮೋ ಬೇಡ ಅಂದುಕೊಂಡೆವು.

ಬೆಂಗಳೂರಿನಲ್ಲಿ ಕ್ಯಾನ್ಸರ್ ಡಾಕ್ಟರು ಆ ಹಾಳೆ ನೋಡಿ ಮೊದಲು ಕೇಳಿದ್ದು, "ಏಳೇನಾ?" ಕರುಳಿನ ಜೊತೆ ತೆಗೆದ ಕೊಬ್ಬಿನಲ್ಲಿ ಕಮ್ಮಿ ಅಂದರೂ 12 ನೋಡ್ ಹುಡುಕಿ ನೋಡಿರಬೇಕು, ಅಷ್ಟು ನೋಡದೆ "ಇಲ್ಲ" ಅಂದರೆ ಆ ಇಲ್ಲವನ್ನು ನಂಬಲು ಆಗುವುದಿಲ್ಲ ಅಂದರು. ಕೆಲವರ ದೇಹದಲ್ಲಿ ನೋಡ್‌ಗಳು ನಿಜವಾಗಿಯೂ ಕಮ್ಮಿ ಇರುತ್ತವೆ, ಸರ್ಜನ್ ತೆಗೆದ ಭಾಗ ಚಿಕ್ಕದಿದ್ದರೂ ಕಮ್ಮಿ ಸಿಗುತ್ತವೆ. ಆದರೆ ಎಷ್ಟೋ ಸಲ ಹುಡುಕಿದ್ದೇ ಸಾಲದೆ ಹೋಗಿರುತ್ತದೆ. ಒಂದು ಚೀಟಿ ಬರೆದುಕೊಟ್ಟು, "ಡಬ್ಬ ಇನ್ನೂ ಇಟ್ಟಿರುತ್ತಾರೆ, ಎಸೆಯುವ ಮುಂಚೆ ಹೋಗಿ ಇನ್ನೊಂದು ಸಲ ಹುಡುಕಲು ಹೇಳಿ" ಅಂದರು. ಆಪರೇಷನ್ ಆಗಿ ಆಗಲೇ ಮೂರು ವಾರ ದಾಟಿತ್ತು. ಕೀಮೋ ಬೇಕಾದರೆ ಆರರಿಂದ ಎಂಟು ವಾರದೊಳಗೆ ಶುರು ಮಾಡಬೇಕು.

ಮಾರನೇ ದಿನ ಬೆಳಗ್ಗೆ ಲ್ಯಾಬಿನ ಮುಂದೆ ನಿಂತೆ. ಕೌಂಟರಿನವರು "ರಿಪೋರ್ಟ್ ಆಗಿದೆಯಲ್ಲ, ಮತ್ತೆ ಯಾಕೆ" ಅಂದರು. ನಾಲ್ಕು ಸಲ ಫೋನ್ ಮಾಡಿದ್ದೆ, ಯಾರೂ ಎತ್ತಿರಲಿಲ್ಲ. ಸಿಟ್ಟು ಬಂದಿತ್ತು, ಹೆದರಿಕೆ ಅದಕ್ಕಿಂತ ಜಾಸ್ತಿ. ನನ್ನ ದನಿ ಕೇಳಿ ಒಳಗಿಂದ ಪೆಥಾಲಜಿಸ್ಟ್ ಮೇಡಂ ಹೊರಗೆ ಬಂದರು. ಚೀಟಿ ಓದಿದರು. ಒಂದು ಮಾತೂ ವಾದ ಮಾಡಲಿಲ್ಲ. "ಆ ವಾರ ನಾನು ರಜೆಯಲ್ಲಿದ್ದೆ, ಕಟ್ ಮಾಡಿದ್ದು ಬೇರೆಯವರು, ಆದರೆ ಸಹಿ ನನ್ನದು. ಇವತ್ತೇ ನಾನೇ ನೋಡುತ್ತೇನೆ" ಅಂದರು. ನಾನು ಕೊಡುತ್ತಿರುವ 3 ಸ್ಟಾರಿನಲ್ಲಿ ಎರಡು ಈ ಮಾತಿಗೆ.

ಮಧ್ಯಾಹ್ನ ಕರೆದು, ಬಾಗಿಲ ಹತ್ತಿರ ನಿಲ್ಲಿಸಿ ತೋರಿಸಿದರು. ಸ್ಟೀಲ್ ಟ್ರೇ ಮೇಲೆ ಹಳದಿ ಕೊಬ್ಬು ಹರಡಿತ್ತು. ತೆಳ್ಳಗೆ ಕೊಯ್ದು, ಎರಡು ಬೆರಳ ನಡುವೆ ಒತ್ತಿ ಒತ್ತಿ ನೋಡುತ್ತಿದ್ದರು. ನಮ್ಮಜ್ಜಿ ಹುಣಸೆಹಣ್ಣು ಕುಟ್ಟಿದ ಮೇಲೆ ಉಳಿದ ಬೀಜ ಹುಡುಕುತ್ತಿದ್ದುದು ಥೇಟ್ ಹೀಗೇ, ಕಣ್ಣಿಗಿಂತ ಬೆರಳಿಗೇ ಮೊದಲು ಗೊತ್ತಾಗುತ್ತಿತ್ತು. ಈ ನೋಡ್‌ಗಳು ಬಹಳ ಸಲ 5 ಮಿಲಿಮೀಟರಿಗಿಂತ ಚಿಕ್ಕವೇ ಇರುತ್ತವೆ, ಕೊಬ್ಬಿನ ಬಣ್ಣಕ್ಕೇ ಹೊಂದಿಕೊಂಡಿರುತ್ತವೆ. ಕ್ಯಾನ್ಸರ್ ಇರುವ ನೋಡ್ ದಪ್ಪಗೇ ಇರುತ್ತದೆ ಅಂದುಕೊಳ್ಳಬೇಡಿ ಅಂದರು. ಮೊದಲ ಸಲ ದಪ್ಪ ಇದ್ದವನ್ನು ಆರಿಸಿ ಬಿಟ್ಟಿದ್ದರು, ಅಷ್ಟೇ. ಈ ಸಲ ಒಂದೂವರೆ ಗಂಟೆ ಕೂತು ಇನ್ನೂ 9 ಹುಡುಕಿದರು.

ಮೂರು ದಿನ ಆದ ಮೇಲೆ ಮತ್ತೆ ಹೋದೆ. ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪ್ ಇತ್ತು. ಒಂದು ನೋಡ್ ತೋರಿಸಿದರು, ಒತ್ತೊತ್ತಾಗಿ ಸಾಸಿವೆ ಚೆಲ್ಲಿದ ಹಾಗೆ ನೇರಳೆ ಚುಕ್ಕೆಗಳು. ಇದು ಸರಿಯಾಗಿದೆ ಅಂದರು. ಇನ್ನೊಂದು ಸ್ಲೈಡ್ ಇಟ್ಟರು. ಅದೇ ಸಾಸಿವೆ, ಆದರೆ ಅಂಚಿನಲ್ಲಿ ಒಂದು ಕಡೆ ಬಳೆ ಬಳೆಯಾಗಿ ಏನೋ ಗುಂಪು. ನನಗೇ ಗೊತ್ತಾಯಿತು, ಅವರು ಹೇಳಬೇಕಾಗಿ ಬರಲಿಲ್ಲ. ಆ ನೋಡ್ 4 ಮಿಲಿಮೀಟರ್. 16ರಲ್ಲಿ 1. ನೋಡ್‌ಗೆ ಹರಡಿದ್ದರಿಂದ ಎರಡನೇ ಹಂತ ಹೋಗಿ ಮೂರನೇ ಹಂತ ಆಯಿತು. ಕೀಮೋ ಬೇಕೇ ಬೇಕು. ಮೊದಲ ಹಾಳೆ ನಂಬಿಕೊಂಡು ಮನೆಯಲ್ಲಿ ಕೂತಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಬೆಂಗಳೂರಿನ ಡಾಕ್ಟರು ಬ್ಲಾಕ್‌ಗಳನ್ನೂ ತರಿಸಿದರು. ಬ್ಲಾಕ್ ಅಂದರೆ ಪೀಸನ್ನು ಮೇಣದಲ್ಲಿ ಕೂರಿಸಿದ ಚಿಕ್ಕ ಚೌಕ, ಅದರಿಂದ 4 ಮೈಕ್ರಾನ್‌ನಷ್ಟು ತೆಳ್ಳಗೆ ಸೀಳಿ ಸ್ಲೈಡ್ ಮಾಡುತ್ತಾರೆ. ಕೇಳಿದರೆ ರೋಗಿಯ ಕಡೆಯವರಿಗೆ ಕೊಡುತ್ತಾರೆ, ನಮಗೆ ಒಂದು ಅರ್ಜಿ ಬರೆಸಿಕೊಂಡು ಅವತ್ತೇ ಕೊಟ್ಟರು. ಬಿಸಿಲಿಗೆ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ನಾನು ಬಸ್ಸಿನಲ್ಲಿ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡೇ ಹೋದೆ.

ಅಲ್ಲಿನ ಪೆಥಾಲಜಿಸ್ಟ್ ಸಾರ್ ನನಗೆ ಸಮಾಧಾನವಾಗಿ ಹೇಳಿದ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಇದು ಶುಗರ್ ಟೆಸ್ಟ್ ತರಹ ಮೆಷಿನ್ ಕೊಡುವ ನಂಬರ್ ಅಲ್ಲ, ಒಬ್ಬ ಮನುಷ್ಯ ನೋಡಿ ಹೇಳುವ ತೀರ್ಮಾನ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದರಲ್ಲಿ, ಅದೂ ಇಷ್ಟು ದೊಡ್ಡ ಗಡ್ಡೆಯಲ್ಲಿ, ಡಾಕ್ಟರುಗಳು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ. ವ್ಯತ್ಯಾಸ ಬರುವುದು ಉಳಿದದ್ದರಲ್ಲಿ. ಗ್ರೇಡ್ ತಗೊಳ್ಳಿ, ಅಂದರೆ ಗಡ್ಡೆ ಮಾಮೂಲಿ ಕರುಳಿನ ರೂಪದಿಂದ ಎಷ್ಟು ದೂರ ಹೋಗಿದೆ ಅನ್ನುವುದು: ಗಡ್ಡೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಗ್ರಂಥಿಯ ಆಕಾರ ಉಳಿಸಿಕೊಂಡಿದ್ದರೆ ಲೋ, ಇಲ್ಲದಿದ್ದರೆ ಹೈ. ಗಡಿಯಲ್ಲಿ ಇರುವುದನ್ನು ಒಬ್ಬರು ಹಾಗೆ ಅಂದರೆ ಇನ್ನೊಬ್ಬರು ಹೀಗೆ ಅನ್ನುತ್ತಾರೆ. ಮೊದಲು ಎರಡಕ್ಕಿಂತ ಜಾಸ್ತಿ ಗ್ರೇಡ್‌ಗಳು ಇದ್ದುದನ್ನು ಎರಡಕ್ಕೆ ಇಳಿಸಿದ್ದೇ ಈ ಗೊಂದಲ ಕಮ್ಮಿ ಆಗಲಿ ಅಂತ. ಗಡ್ಡೆಯ ಅಂಚಿನಿಂದ ಒಂದೊಂದಾಗಿ, ಇಲ್ಲವೇ ಹೆಚ್ಚೆಂದರೆ ನಾಲ್ಕರ ಗುಂಪಾಗಿ ಕಳಚಿಕೊಂಡು ಮುಂದೆ ಹೋಗುವ ಕೋಶಗಳನ್ನು ಬಡ್ಡಿಂಗ್ ಅನ್ನುತ್ತಾರೆ. ಅದನ್ನು ಒಬ್ಬೊಬ್ಬರು ಒಂದೊಂದು ರೀತಿ ಎಣಿಸುತ್ತಿದ್ದರು, 2016ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಹಲವು ದೇಶದವರು ಸೇರಿ ಒಂದು ಲೆಕ್ಕಕ್ಕೆ ಬಂದರು. ಜಾಸ್ತಿ ಇರುವ ಜಾಗ ಹುಡುಕಿ, 0.785 ಚದರ ಮಿಲಿಮೀಟರಿನಲ್ಲಿ ಎಣಿಸಬೇಕು. 4ರ ತನಕ ಕಮ್ಮಿ, 5ರಿಂದ 9 ಮಧ್ಯಮ, 10 ಅಥವಾ ಅದಕ್ಕಿಂತ ಮೇಲಿದ್ದರೆ ಜಾಸ್ತಿ. ಕೋಲಾರದ ರಿಪೋರ್ಟಿನಲ್ಲಿ ಇದರ ಮಾತೇ ಇರಲಿಲ್ಲ. ಅಪ್ಪನದು 7 ಬಂತು.

ಗಡ್ಡೆ ಕರುಳಿನ ಹೊರಗಿನ ಪೊರೆಯನ್ನು ತೂರಿ ಮೇಲೆ ಬಂದಿದೆಯೋ ಇಲ್ಲವೋ, ಅಂದರೆ ಟಿ3ಯೋ ಟಿ4ಯೋ ಅನ್ನುವುದೂ ಹೀಗೇ ಕೂದಲೆಳೆಯಷ್ಟರ ವಿಷಯ. ಸಂಶಯ ಬಂದ ಒಂದು ಬ್ಲಾಕನ್ನು ಇನ್ನೂ ಆಳಕ್ಕೆ ಸೀಳಿ ನೋಡಿದರು. ಟಿ3ಯೇ ಉಳಿಯಿತು.

ಇನ್ನೊಂದು ಟೆಸ್ಟ್ ಅಲ್ಲೇ ಆಯಿತು, ಎಂಎಂಆರ್ ಅಂತ. ಕೋಶದ ಡಿಎನ್‌ಎಯಲ್ಲಿ ಆಗುವ ತಪ್ಪುಗಳನ್ನು ತಿದ್ದುವ ನಾಲ್ಕು ಪ್ರೋಟೀನ್ ಗಡ್ಡೆಯಲ್ಲಿ ಇವೆಯೋ ಇಲ್ಲವೋ ಬಣ್ಣ ಹಾಕಿ ನೋಡುತ್ತಾರೆ. ಇಲ್ಲದಿದ್ದರೆ ಚಿಕಿತ್ಸೆಯ ಲೆಕ್ಕ ಬದಲಾಗಬಹುದು, ಕೆಲವರಲ್ಲಿ ಕಾಯಿಲೆ ವಂಶದಲ್ಲೇ ಬಂದಿರಬಹುದು. ನಮ್ಮತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಅದು ಮತ್ತು ಕರುಳಿನ ಕ್ಯಾನ್ಸರ್ ಒಂದೇ ಮನೆಯಲ್ಲಿ ಬಂದರೆ ಡಾಕ್ಟರುಗಳು ವಿಶೇಷವಾಗಿ ಕೇಳುತ್ತಾರೆ, ಹಾಗಾಗಿ ಆ ಒಂದು ವಾರ ನಾನೂ ತಮ್ಮನೂ ಸರಿಯಾಗಿ ನಿದ್ದೆ ಮಾಡಲಿಲ್ಲ. ನಾಲ್ಕೂ ಇದ್ದವು.

ಈಗ ಲ್ಯಾಬಿನ ವಿಷಯ. ಕೌಂಟರ್, ಫೋನ್, ಶನಿವಾರ ಬಂದ ಪೀಸನ್ನು ಹಾಗೇ ಇಟ್ಟಿದ್ದು, ಇವಕ್ಕೆ ನಾನು ಸ್ಟಾರ್ ಕೊಡಲಾರೆ. ಒಂದು ಹಾಳೆಯ ರಿಪೋರ್ಟೂ ಸಾಲದು. ಬೆಂಗಳೂರಿನದರಲ್ಲಿ ಒಂದೊಂದು ಅಂಶಕ್ಕೂ ಒಂದೊಂದು ಸಾಲು ಇತ್ತು, ಯಾವುದು ಬಿಟ್ಟುಹೋಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೆ ಮೇಡಂ ಹೊಸ ರಿಪೋರ್ಟಿಗೆ ದುಡ್ಡು ತಗೊಳ್ಳಲಿಲ್ಲ, ಹಳೆಯದನ್ನು ತಿದ್ದಿದ್ದೇವೆ ಅಂತ ಅದರಲ್ಲೇ ಸ್ಪಷ್ಟವಾಗಿ ಬರೆದರು. ನೀವು ಅಲ್ಲಿಗೇ ಕೊಡುವುದಾದರೆ ವಾರದ ಮಧ್ಯೆ ಕೊಡಿ, ಮೇಡಂ ಇದ್ದಾರಾ ಕೇಳಿ, ಕರುಳು ಪೂರ್ತಿ ಮುಳುಗಿದೆಯಾ ನೋಡಿ. ರಿಪೋರ್ಟ್ ಕೈಗೆ ಬಂದಾಗ ಮೊದಲು ನೋಡ್ ಎಷ್ಟು ಅಂತ ಓದಿ. 12ಕ್ಕಿಂತ ಕಮ್ಮಿ ಇದ್ದರೆ ಅವತ್ತೇ ಕೇಳಿ, ಡಬ್ಬ ಕೆಲವು ವಾರ ಮಾತ್ರ ಇಟ್ಟಿರುತ್ತಾರೆ.

ಅಪ್ಪನಿಗೆ ಆರನೇ ವಾರದಲ್ಲಿ ಕೀಮೋ ಶುರು ಆಯಿತು. ಮೂರು ಸೈಕಲ್ ಮುಗಿದಿದೆ. ತಣ್ಣೀರು ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ, ಅದಕ್ಕೆ ಅಮ್ಮ ಕೈ ತೊಳೆಯಲೂ ಬಿಸಿನೀರೇ ಇಡುತ್ತಾರೆ. ನಾಲ್ಕನೆಯದು ಬರುವ ಸೋಮವಾರ. ಬ್ಲಾಕ್‌ಗಳನ್ನು ಮೊನ್ನೆ ಲ್ಯಾಬಿಗೆ ವಾಪಸ್ ಕೊಟ್ಟು ರಸೀದಿ ತಗೊಂಡು ಬಂದೆ.