ಮಾತ್ರೆ, ಬ್ಯಾಂಡು, ಶುಂಠಿ: ರೈಡಲ್ಲಿ ತಲೆ ತಿರುಗೋ ನನ್ನಂಥೋರಿಗೆ ಯಾವ್ದು ವಾಸಿ

ನಾನು ಸಕಲೇಶಪುರದ ಕಡೆಯೋಳು. ಚಿಕ್ಕೋಳಿದ್ದಾಗ ಶಿರಾಡಿ ಘಾಟಿ ಇಳಿಯೋ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಯಾವಾಗ್ಲೂ ನಂದೇ, ಅದೇನು ಮುದ್ದಿನ ಮಗಳು ಅಂತಲ್ಲ, ಪಕ್ಕದಲ್ಲಿ ಕೂತೋರ ಸೀರೆ ಉಳೀಲಿ ಅಂತ. ಕೂರೋ ಜಾಗದ ಕೆಳಗೆ ನ್ಯೂಸ್ ಪೇಪರ್ ಹಾಸೋದು, ಕೈಯಲ್ಲಿ ನಿಂಬೆಹಣ್ಣು ಕೊಟ್ಟು ಮೂಸ್ತಾ ಇರು ಅನ್ನೋದು, ಬಾಯಿಗೆ ಹುಣಸೆಹಣ್ಣಿನ ಉಂಡೆ, ಎಲ್ಲ ಆಗಿದೆ. ಪೇಪರ್ ಹಾಸೋದ್ರಿಂದ ಏನಾಗ್ತಿತ್ತೋ ದೇವರಿಗೇ ಗೊತ್ತು, ಮಾರನಹಳ್ಳಿ ದಾಟೋ ಹೊತ್ತಿಗೆ ನನ್ನ ತಲೆ ಕಿಟಕಿಯಿಂದ ಆಚೆ ಇರ್ತಿತ್ತು.

ಈಗ ಬೆಂಗಳೂರಲ್ಲಿದೀವಿ, ಇಬ್ರು ಮಕ್ಕಳು. ಹನ್ನೊಂದು ವರ್ಷದ ಮಗಳು ಈ ವಿಷಯದಲ್ಲಿ ಥೇಟ್ ನಾನೇ. ಏಳು ವರ್ಷದ ಚಿಕ್ಕೋನು ಅವರಪ್ಪನ ಥರ, ಗಿರಗಿರ ತಿರುಗಿಸಿ ಇಳಿಸಿದ್ರೂ ಊಟ ಎಲ್ಲಿ ಅಂತ ಕೇಳೋ ಜಾತಿ. ಎರಡು ವರ್ಷದಲ್ಲಿ ಮೂರು ಸಲ ಬಿಡದಿ ಹತ್ರದ ವಂಡರ್‌ಲಾಗೆ ಹೋಗಿದೀವಿ, ಮೂರು ಸಲಾನೂ ಬೇರೆ ಬೇರೆ ಉಪಾಯ ಮಾಡಿದೀನಿ: ಮೊದಲ್ನೇ ಸಲ ಮಾತ್ರೆ, ಎರಡ್ನೇ ಸಲ ಕೈಗೆ ಹಾಕ್ಕೊಳೋ ಬ್ಯಾಂಡು, ಮೂರ್ನೇ ಸಲ ಶುಂಠಿ. ಮುಂಚೇನೇ ಹೇಳ್ಬಿಡ್ತೀನಿ, ನನ್ನ ಓಟು ಶುಂಠಿಗೆ, ಬ್ಯಾಂಡ್ ಮೇಲೆ ನನಗೆ ಇನ್ನೂ ಸಿಟ್ಟಿದೆ, ಅದಕ್ಕೇ ಅದರ ಬಗ್ಗೆ ಜಾಸ್ತಿ ಬರ್ದಿರ್ತೀನಿ, ಬೇಜಾರ್ ಮಾಡ್ಕೋಬೇಡಿ.

ಮೊದಲು ಮಾತ್ರೆ. ನಾನು ತಗೊಂಡಿದ್ದು ಪ್ರೊಮೆಥಝೀನ್ ಇರೋದು, 25 ಮಿ.ಗ್ರಾಂ, ಬಸ್ಸಲ್ಲಿ ಓಡಾಡೋರಿಗೆಲ್ಲ ಗೊತ್ತಿರೋದೇ. ಮನೆ ಬಿಡೋಕೆ ಮುಂಚೆ ನುಂಗಿದೆ, ಡಾಕ್ಟರ್‌ನ ಕೇಳಿ ಮಗಳಿಗೆ ಅರ್ಧ ಕೊಟ್ಟೆ. ಕೆಲಸ ಮಾಡ್ತಾ ಅಂದ್ರೆ ಮಾಡ್ತು, ಆ ದಿನ ಪೂರ್ತಿ ಒಂದು ಹನಿ ವಾಂತಿ ಇಲ್ಲ. ಆದ್ರೆ ವಾಂತಿ ಮಾಡ್ಕೊಳೋಕೆ ಎಚ್ಚರ ಆದ್ರೂ ಇರಬೇಕಲ್ಲ! ಎರಡು ರೈಡ್ ಆಗೋ ಹೊತ್ತಿಗೆ ಕಣ್ಣು ಎಳೆಯೋಕೆ ಶುರುವಾಯ್ತು, ಬಾಯೆಲ್ಲ ಒಣಗಿ ನಾಲಿಗೆ ಅಂಗಳಕ್ಕೆ ಅಂಟ್ಕೊಂಡ ಹಾಗೆ, ವೇವ್ ಪೂಲ್ ಪಕ್ಕ ಬ್ಯಾಗ್ ಕಾಯ್ತೀನಿ ಅಂತ ಕೂತೋಳು ಬ್ಯಾಗ್ ಮೇಲೇ ತಲೆ ಇಟ್ಟು ಮಲಗಿದೀನಿ, ಎದ್ದಾಗ ಮೂರೂವರೆ. ನಮ್ಮೆಜಮಾನ್ರು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು, ನಮ್ಮತ್ತೆ ಅದಕ್ಕೆ ಕೈ ಮುಗಿಯೋ ಎಮೋಜಿ ಕಳ್ಸಿದ್ರು, ಯಾಕೆ ಅಂತ ಇವತ್ತಿಗೂ ಕೇಳಿಲ್ಲ. ಮಗಳೂ ಅಷ್ಟೇ, ಮಲಗ್ಲಿಲ್ಲ ಆದ್ರೆ ಇಡೀ ದಿನ ಮುಖ ಊದಿಸ್ಕೊಂಡು ಕೈ ಹಿಡ್ಕೊಂಡೇ ಓಡಾಡಿದ್ಲು.

ಇದು ಮಾತ್ರೆ ತಪ್ಪಲ್ಲ, ಅದರ ಗುಣಾನೇ ಅದು, ಅಲರ್ಜಿಗೆ ಕೊಡೋ ನಿದ್ದೆ ಬರ್ಸೋ ಮಾತ್ರೆಗಳ ಜಾತಿಯದ್ದೇ. ಘಾಟಿ ಬಸ್ಸಿಗೆ ನಾನು ಈಗ್ಲೂ ಇದನ್ನೇ ತಗೊಳೋದು, ಅಲ್ಲಿ ನಿದ್ದೆ ಬಂದ್ರೆ ಲಾಭ. ಆದ್ರೆ ತಲೆಗೆ ಸಾವಿರದ ಮೇಲೆ ಟಿಕೆಟ್ ಕೊಟ್ಟು ಒಳಗೆ ಹೋಗಿ ಬೆಂಚ್ ಮೇಲೆ ಮಲಗೋದಾದ್ರೆ ಮನೇಲೇ ಫ್ಯಾನ್ ಕೆಳಗೆ ಮಲಗಬಹುದಿತ್ತು. ಸಿನ್ನಾರಿಝೀನ್ ಅಂತ ಇನ್ನೊಂದು ಬರುತ್ತೆ, ಧರ್ಮಸ್ಥಳಕ್ಕೆ ಹೋದಾಗ ನೋಡಿದೆ, ನನಗೆ ನಿದ್ದೆ ಸ್ವಲ್ಪ ಕಮ್ಮಿ, ಆದ್ರೆ ಎರಡು ಗಂಟೆ ಮುಂಚೆ ನುಂಗಬೇಕು, ನಮ್ಮನೇಲಿ ಎರಡು ಗಂಟೆ ಮುಂಚೆ ಎಲ್ಲಿಗೆ ಹೋಗ್ತೀವಿ ಅನ್ನೋದೇ ತೀರ್ಮಾನ ಆಗಿರಲ್ಲ.

ಮಾತ್ರೆ ಅನ್ನೋರು ಟೈಮ್ ಮಾತ್ರ ನೋಡ್ಕೊಳಿ. ನಮ್ಮ ನಾದಿನಿ ಅವಳ ಮಗನಿಗೆ ರೈಡ್ ಇಳಿದು ಹೊಟ್ಟೆ ತೊಳೆಸೋಕೆ ಶುರುವಾದ್ಮೇಲೆ ಕೊಟ್ಲು, ಐದು ನಿಮಿಷಕ್ಕೆ ನೀರಿನ ಜೊತೆ ಮಾತ್ರೆನೂ ಆಚೆ ಬಂತು. ಒಂದ್ಸಲ ಹೊಟ್ಟೆ ತೊಳೆಸೋಕೆ ಶುರುವಾದ್ರೆ ಹೊಟ್ಟೆ ಕೆಲಸಾನೇ ನಿಧಾನ ಆಗ್ಬಿಡುತ್ತೆ, ನುಂಗಿದ್ದು ಮುಂದಕ್ಕೇ ಹೋಗಲ್ಲ. ಇನ್ನೊಂದು, ಮಕ್ಕಳಿಗೆ ವಾಂತಿ ಭೇದಿ ಆದಾಗ ಡಾಕ್ಟರ್ ಬರ್ಕೊಡೋ ಒಂಡಾನ್ಸೆಟ್ರಾನ್ ಸಿರಪ್ ಮನೇಲಿ ಉಳ್ದಿರುತ್ತಲ್ಲ, ಅದನ್ನ ಬ್ಯಾಗಿಗೆ ಹಾಕ್ಕೊಂಡು ಬರೋರು ತುಂಬಾ ಜನ, ಅದು ಈ ಥರ ತಿರುಗಾಟದ ವಾಂತಿಗೆ ಅಷ್ಟಕ್ಕಷ್ಟೇ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಪ್ರೊಮೆಥಝೀನ್ ಕೊಡ್ಲೇಬಾರ್ದು, ಉಸಿರಾಟಕ್ಕೆ ತೊಂದ್ರೆ ಆಗಬಹುದು.

ಈಗ ಬ್ಯಾಂಡ್ ಕಥೆ.

ಆನ್‌ಲೈನಲ್ಲಿ ಜೋಡಿಗೆ 349 ಕೊಟ್ಟು ತರಿಸ್ದೆ, ಎರಡು ಜೋಡಿ, ನನಗೊಂದು ಮಗಳಿಗೊಂದು. ನೋಡೋಕೆ ಟೆನ್ನಿಸ್ ಆಡೋರು ಹಾಕ್ಕೊಳೋ ಪಟ್ಟಿ ಥರ, ಒಳಗಡೆ ಒಂದು ಬಿಳಿ ಪ್ಲಾಸ್ಟಿಕ್ ಗುಂಡಿ. ಆ ಗುಂಡಿ ಮಣಿಕಟ್ಟಿನ ಒಳಭಾಗದಲ್ಲಿ ಒಂದು ಜಾಗ ಒತ್ತಬೇಕು, ಚೀನಾದೋರ ಲೆಕ್ಕದಲ್ಲಿ ಅದಕ್ಕೆ ಪಿ6 ಅಂತ ಹೆಸರು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಬಿಟ್ಟು, ಮಧ್ಯದ ಎರಡು ನರದ ಥರ ಎದ್ದು ಕಾಣುತ್ತಲ್ಲ, ಅದರ ನಡುವೆ. ಓದಿದಾಗ ಇಷ್ಟೇನಾ ಅನ್ನಿಸ್ತು.

ಬೆಳಿಗ್ಗೆ ಕಾರಲ್ಲೇ ಮಗಳ ಕೈ ಎಳ್ಕೊಂಡು ಮೂರು ಬೆರಳು ಇಟ್ಟು ಅಳ್ದು ಹಾಕ್ದೆ, ನಂದೂ ಹಾಕ್ಕೊಂಡೆ. ಕೆಂಗೇರಿ ದಾಟಿದ್ಮೇಲೆ ಅವಳಿಗೆ ಆಗ್ಲೇ ಮುಖ ಬಿಳಿಚ್ಕೊಂಡಿತ್ತು, ರೈಡೂ ಇಲ್ಲ ಏನೂ ಇಲ್ಲ, ಬರೀ ಮೈಸೂರ್ ರೋಡ್. ಪಾರ್ಕ್ ಒಳಗೆ ಮೊದಲ್ನೇ ತಿರುಗೋ ರೈಡಿಂದ ಇಳಿದು ನಾಲ್ಕು ಹೆಜ್ಜೆ ಇಟ್ಲು, ಐದ್ನೇ ಹೆಜ್ಜೆಗೆ ಗಿಡದ ಬುಡದಲ್ಲಿ. ನನಗೆ ಪರವಾಗಿಲ್ಲ ಅನ್ನೋ ಥರ ಇತ್ತು, ಅವಳಿಗೆ ಮಾತ್ರ ಯಾಕೆ ಹೀಗೆ ಅಂತ ತಲೆ ಕೆಟ್ಟೋಯ್ತು. ಅವಳನ್ನ ನೆರಳಲ್ಲಿ ಕೂರಿಸಿ, ಬ್ಯಾಂಡ್ ಡಬ್ಬಿ ಜೊತೆ ಬಂದಿದ್ದ ಸಣ್ಣ ಚೀಟಿ ಪರ್ಸಿಂದ ತೆಗೆದು ಮತ್ತೆ ಓದಿದೆ. ಮೂರು ಬೆರಳು ಅಂತಿದೆ, ಸರಿ. ಯಾರ ಮೂರು ಬೆರಳು? ಹಾಕ್ಕೊಳೋರ ಮೂರು ಬೆರಳು! ನಾನು ಅಳೆದಿದ್ದು ನನ್ನ ದಪ್ಪ ಬೆರಳಲ್ಲಿ, ಅವಳ ಕಡ್ಡಿ ಕೈಗೆ. ಗುಂಡಿ ಹೋಗಿ ಮೊಣಕೈ ಕಡೆಗೆ ಒಂದಿಂಚು ಮೇಲೆ ಎಲ್ಲೋ ಕೂತಿತ್ತು, ಅಲ್ಲಿ ಒತ್ತಿದ್ರೆ ಏನು ಪ್ರಯೋಜನ.

ಅವಳ ಬೆರಳಲ್ಲೇ ಅಳೆದು ಕೆಳಗೆ ಇಳಿಸ್ದೆ. ಅಲ್ಲಿ ಮಣಿಕಟ್ಟು ಇನ್ನೂ ಸಣ್ಣ, ಬ್ಯಾಂಡು ಸಡಿಲ, ಗುಂಡಿ ಒತ್ತೋದಿರಲಿ ಸುತ್ತಾನೇ ತಿರುಗುತ್ತೆ. ಎಲ್ಲರಿಗೂ ಒಂದೇ ಸೈಜ್ ಅಂತ ಹಾಕಿದ್ರು, ಎಲ್ಲರೂ ಅಂದ್ರೆ ದೊಡ್ಡೋರು ಅಂತ ನಾವೇ ತಿಳ್ಕೋಬೇಕಿತ್ತು. ಕರ್ಚೀಫ್ ಮಡಚಿ ಕೆಳಗೆ ಸಿಗಿಸಿದ್ರೆ ನಿಲ್ತು. ಆಮೇಲೆ ನೀರಿನ ಕಡೆ ಹೋದ್ವಿ ನೋಡಿ, ಎಲಾಸ್ಟಿಕ್ ನೀರು ಕುಡ್ದು ಜೋತು ಬಿತ್ತು, ಒಂದು ಸ್ಲೈಡಿಂದ ಕೆಳಗೆ ಬರೋ ಹೊತ್ತಿಗೆ ಎಡಗೈದು ಇಲ್ವೇ ಇಲ್ಲ, ಚಿಕ್ಕೋನು ಮುಳುಗಿ ಹುಡುಕಿ ತಂದ, ಅವನಿಗೆ ಅದೇ ದೊಡ್ಡ ಆಟ ಆಗಿ ಇನ್ನೊಂದ್ಸಲ ಬೀಳಿಸು ಅಕ್ಕ ಅಂತಾನೆ. ನನ್ನ ಕೈಯಲ್ಲಿ ಸಂಜೆ ತೆಗೆದು ನೋಡಿದ್ರೆ ಗುಂಡಿ ಒತ್ತಿದ ಜಾಗದಲ್ಲಿ ಐವತ್ತು ಪೈಸೆ ನಾಣ್ಯದಷ್ಟು ಕೆಂಪು ಗುಳಿ, ಮಾರನೇ ದಿನ ಆಫೀಸಲ್ಲಿ ಏನಾಯ್ತು ಮೇಡಂ ಅಂತ ಕೇಳಿದ್ರು.

ಇಷ್ಟೆಲ್ಲ ಆಗಿ ಕೆಲಸ ಮಾಡ್ತಾ? ಮಧ್ಯಾಹ್ನದ ಮೇಲೆ ಮಗಳಿಗೆ ಮತ್ತೆ ವಾಂತಿ ಆಗ್ಲಿಲ್ಲ, ನಿಜ. ಅದು ಬ್ಯಾಂಡ್ ಮಹಿಮೆನೋ, ಮೊಸರನ್ನ ತಿಂದು ಒಂದು ಗಂಟೆ ಸುಮ್ನೆ ಕೂತಿದ್ದಕ್ಕೋ ನಾನು ಹೇಳಕ್ಕಾಗಲ್ಲ. ಬ್ಯಾಂಡ್ ಪರೀಕ್ಷೆ ಮಾಡಿದೋರಲ್ಲೂ ಕೆಲವರು ಉಪಯೋಗ ಇದೆ ಅಂತಾರೆ, ಕೆಲವರು ಸುಮ್ನೆ ದಾರ ಕಟ್ಕೊಂಡ ಹಾಗೆ ಅಂತಾರೆ. ನಿದ್ದೆ ಬರಲ್ಲ, ಹೊಟ್ಟೆಗೆ ಏನೂ ಹೋಗಲ್ಲ, ಗರ್ಭಿಣಿಯರು ಹಾಕ್ಕೊಳ್ತಾರೆ, ಆ ಮಟ್ಟಿಗೆ ಒಳ್ಳೇದೇ. ಆದ್ರೆ ನೀರು, ಮಕ್ಕಳು, ನೂರಾರು ಜನದ ಕ್ಯೂ ಇರೋ ಜಾಗಕ್ಕೆ ನನಗೆ ಬೇಡಪ್ಪ.

ಮೂರ್ನೇ ಸಲ ನಮ್ಮಮ್ಮ ಊರಿಂದ ಬಂದಿದ್ರು. ನನ್ನ ಬ್ಯಾಂಡ್ ಪುರಾಣ ಎಲ್ಲ ಕೇಳಿ, ಶುಂಠಿ ಇಲ್ವೇನೇ ಮನೇಲಿ ಅಂದ್ರು, ಅಷ್ಟೇ. ಎಳೇ ಶುಂಠಿ ಸಿಪ್ಪೆ ಹೆರೆದು ಬೆಂಕಿಕಡ್ಡಿ ಥರ ಉದ್ದಕ್ಕೆ ಹೆಚ್ಚಿ, ನಿಂಬೆರಸ ಸೈಂಧವ ಉಪ್ಪು ಹಾಕಿ ಒಂದು ರಾತ್ರಿ ಬಿಟ್ಟು, ಮಾರನೇ ದಿನ ತಾರಸಿ ಮೇಲೆ ಬಟ್ಟೆ ಮೇಲೆ ಹರಡಿದ್ರು. ನಿಂಬೆರಸಕ್ಕೆ ಎಳೇ ಶುಂಠಿ ಸ್ವಲ್ಪ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಮಗಳು ಆ ಬಣ್ಣ ನೋಡೇ ತಿನ್ನೋಕೆ ಒಪ್ಕೊಂಡಿದ್ದು. ಎರಡು ಬಿಸಿಲಿಗೆ ಮುದುರಿ ಗಟ್ಟಿ ಆಗುತ್ತೆ. ಒಂದು ಸಣ್ಣ ಡಬ್ಬಿ, ಖರ್ಚು ಇಪ್ಪತ್ತು ರೂಪಾಯಿ ಆಗಿದ್ರೆ ಜಾಸ್ತಿ.

ಹೊರಡೋಕೆ ಅರ್ಧ ಗಂಟೆ ಮುಂಚೆ ನಾಲ್ಕು ಚೂರು, ಆಮೇಲೆ ಕ್ಯೂನಲ್ಲಿ ನಿಂತಾಗೆಲ್ಲ ಒಂದೊಂದು ದವಡೆಗೆ ಇಟ್ಕೊಂಡು ಚೀಪ್ತಾ ಇರೋದು. ರೈಡ್ ಹತ್ತೋಕೆ ಮುಂಚೆ ಮಾತ್ರ ನುಂಗಿಬಿಡಿ ಇಲ್ಲ ಉಗಿದುಬಿಡಿ, ಬಾಯಲ್ಲಿ ಇಟ್ಕೊಂಡು ಹತ್ತಬೇಡಿ, ಗಂಟಲಿಗೆ ಸಿಕ್ಕಿಹಾಕ್ಕೊಂಡ್ರೆ ಕಷ್ಟ. ಶುಂಠಿನೂ ರಾಮಬಾಣ ಏನಲ್ಲ, ಮಾತ್ರೆಯಷ್ಟು ಗಟ್ಟಿಯಾಗಿ ತಡೆಯಲ್ಲ, ಹೊಟ್ಟೆ ಒಂಥರಾ ಆಗೋದು ಆಗುತ್ತೆ, ಆದ್ರೆ ಬಾಯಲ್ಲಿ ನೀರೂರಿ ಈಗ ಬರುತ್ತೆ ಅನ್ನೋ ಆ ಹಂತಕ್ಕೆ ಹೋಗಲ್ಲ. ಎಚ್ಚರ ಇರುತ್ತೆ, ಅದು ನನಗೆ ಮುಖ್ಯ. ಎದೆಯುರಿ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳೋರು ಡಾಕ್ಟರ್‌ನ ಕೇಳ್ಕೊಳಿ.

ಆ ಸಲ ನಾನು ರೈಡ್ ಆರಿಸೋದೂ ಬದಲಾಯಿಸಿದ್ದೆ ಅನ್ನೋದನ್ನ ಮುಚ್ಚಿಡಲ್ಲ, ಶುಂಠಿ ಗೆದ್ದಿದ್ದು ಅದರ ಜೊತೆ ಸೇರಿ. ಮುಂಚೆ ನಾನು ರಿಕಾಯಿಲ್ ಥರದ ತಲೆಕೆಳಗೆ ಮಾಡೋ ಕೋಸ್ಟರ್‌ಗೆ ಹೆದರಿ, ಪಾಪದ ಥರ ಕಾಣೋ ತಿರುಗೋದು ತೂಗೋದರಲ್ಲಿ ಮಕ್ಕಳ ಜೊತೆ ಕೂರ್ತಿದ್ದೆ. ಅದೇ ಉಲ್ಟಾ. ಕೋಸ್ಟರ್ ಒಂದೆರಡು ನಿಮಿಷದಲ್ಲಿ ಮುಗ್ದೋಗುತ್ತೆ, ಕಿರಿಚಿ ಇಳಿದ್ರೆ ಆಯ್ತು. ಹೊಟ್ಟೆ ಕೆಡಿಸೋದು ನಿಧಾನಕ್ಕೆ ತೂಗೋದು, ಸುಮಾರು ಐದು ಸೆಕೆಂಡಿಗೊಂದ್ಸಲ ಮೇಲೆ ಕೆಳಗೆ ಆಗೋ ತೂಗಾಟ ಮನುಷ್ಯರಿಗೆ ಎಲ್ಲಕ್ಕಿಂತ ಕೆಟ್ಟದ್ದು, ಸಮುದ್ರದಲ್ಲಿ ಹಡಗು ಆಡೋ ಲೆಕ್ಕ ಅದು. ಹಡಗಿನ ಥರ ತೂಗೋ ರೈಡಲ್ಲಿ ಮಕ್ಕಳು ಕೊನೇ ಸಾಲಿಗೆ ಓಡ್ತಾರೆ, ಅಲ್ಲೇ ಜಾಸ್ತಿ ಎತ್ತರ, ನಾನು ಮಗಳು ಈಗ ನಡುವಿನ ಸಾಲು.

ತಿರುಗೋದರಲ್ಲಿ ಕೂತ್ರೆ ತಲೆನ ಹಿಂದಕ್ಕೆ ಒರಗಿಸಿ ಅಲ್ಲಾಡಿಸದೇ ಇರೋದು. ಕಿವಿ ಒಳಗೆ ಮೂರು ಕೊಳವೆ ಇದಾವಲ್ಲ, ನೀರು ತುಂಬಿರೋವು, ಮೈ ಒಂದು ಕಡೆ ತಿರುಗ್ತಿರೋವಾಗ ತಲೆ ಇನ್ನೊಂದು ಕಡೆ ಬಗ್ಗಿಸಿದ್ರೆ ಆ ನೀರು ಹೇಳೋ ಲೆಕ್ಕ ಎಲ್ಲ ಗಲಿಬಿಲಿ. ಮೊದಲ್ನೇ ಸಲ ನಾನು ತಿರುಗೋ ಕಪ್ಪಲ್ಲಿ ಕೂತು ಕೆಳಗೆ ಬಿದ್ದ ಚಿಕ್ಕೋನ ಟೋಪಿ ಎತ್ಕೊಳೋಕೆ ಬಗ್ಗಿದ್ದೆ, ಆ ಕ್ಷಣ ಇವತ್ತಿಗೂ ನೆನಪಿದೆ. ಕುರ್ಚಿ ಅಲ್ಲಾಡೋ ಸಿನಿಮಾ ಶೋನಲ್ಲಿ ಕಣ್ಣು ಮುಚ್ಕೊಂಡ್ಬಿಡೋದು, ನಮ್ಮೆಜಮಾನ್ರು ದುಡ್ಡು ಕೊಟ್ಟು ಕಣ್ಣು ಮುಚ್ಕೊಳ್ತೀಯಾ ಅಂತಾರೆ, ಅಂದ್ಕೊಳ್ಲಿ. ಕ್ಯೂನಲ್ಲಿ ಮೊಬೈಲ್ ನೋಡ್ತಾ ನಿಂತ್ರೆ ಏನಾಗಲ್ಲ, ಹೋಗೋ ಬರೋ ದಾರೀಲಿ ಕಾರಲ್ಲಿ ನೋಡಿದ್ರೆ ಮಾತ್ರ ಮುಗೀತು.

ತಿಂಡಿ ವಿಷಯಕ್ಕೆ ಜಗಳಾನೇ ಆಯ್ತು. ಬಿಡದಿ ಕಡೆ ಹೋದಾಗ ತಟ್ಟೆ ಇಡ್ಲಿ ತಿನ್ನದೇ ಇರೋದು ಹೇಗೆ ಅಂತ ಎಜಮಾನ್ರು. ತಿನ್ನಿ, ಖಾಲಿ ಹೊಟ್ಟೆನೂ ಒಳ್ಳೇದಲ್ಲ, ಆದ್ರೆ ಮೇಲೆ ಬೆಣ್ಣೆ ಮುದ್ದೆ ಬೇಡ, ಪಕ್ಕದಲ್ಲಿ ವಡೆ ಬೇಡ ಅಂದೆ. ನಾನು ಮಗಳು ಒಂದೊಂದು ಇಡ್ಲಿ, ಬರೀ ಚಟ್ನಿ. ಅವರು ಮೂರು ಇಡ್ಲಿ ಬೆಣ್ಣೆ ಸಮೇತ ಎರಡು ವಡೆ ಹೊಡೆದು ಎಲ್ಲ ರೈಡೂ ಹತ್ತಿ ಇಳಿದ್ರು, ಏನೂ ಆಗ್ಲಿಲ್ಲ, ಕೆಲವರ ಕಿವಿ ಒಳಗೆ ದೇವರು ಬೇರೆ ಸಾಮಾನು ಹಾಕಿರ್ತಾನೆ.

ನಿಂಬೆಹಣ್ಣು ಮೂಸೋದು ಕಾರಿಗೆ ಸರಿ. ಪುದೀನ ಪೆಪ್ಪರ್‌ಮಿಂಟು ಬಾಯಿ ರುಚಿಗೆ ಅಷ್ಟೇ.

ಲೆಕ್ಕ ಹಾಕಿದ್ರೆ ಮಾತ್ರೆನೇ ಎಲ್ಲಕ್ಕಿಂತ ಅಗ್ಗ, ವರ್ಷಕ್ಕೊಂದೇ ಸಲ ಹೋಗೋರು, ತುಂಬಾ ಜೋರು ವಾಂತಿ ಇರೋರು, ನಿದ್ದೆ ತೂಗಿದ್ರೂ ಪರವಾಗಿಲ್ಲ ಅನ್ನೋರು ಅದನ್ನೇ ತಗೊಳಿ, ಗಾಡಿ ಓಡಿಸೋರು ಮಾತ್ರ ಬೇಡ. ನಾನು ಮನೇಲಿ ಕೂತು ಹೆಚ್ಚಿ ಒಣಗಿಸೋ ಪೈಕಿ, ಮೇಲಾಗಿ ಮಕ್ಕಳ ಮೇಲೆ ಕಣ್ಣಿಡೋಕೆ ಎಚ್ಚರ ಬೇಕು, ಹಾಗಾಗಿ ಶುಂಠಿ. ನಾದಿನಿಗೂ ಒಂದು ಡಬ್ಬಿ ಕೊಟ್ಟೆ, ಬದಲಿಗೆ ಬ್ಯಾಂಡ್ ತಗೊಂಡು ಹೋಗು ಅಂದ್ರೆ ತಗೊಳ್ಲಿಲ್ಲ. ಒಂದು ಜೋಡಿ ಗೋಧಿಹಿಟ್ಟಿನ ಪ್ಯಾಕೆಟ್ ಬಾಯಿಗೆ ಹಾಕಿದೀನಿ, ಚೆನ್ನಾಗಿ ಬಿಗಿಯುತ್ತೆ. ಇನ್ನೊಂದು ಜೋಡಿ ಎಲ್ಲಿ ಅಂತ ಚಿಕ್ಕೋನನ್ನೇ ಕೇಳಬೇಕು.