ಗ್ರಬ್, ಸಿಸ್ಟಮ್‌ಡಿ-ಬೂಟ್, ರಿಫೈಂಡ್: ಮೂರನ್ನೂ ಹಾಕಿ ನೋಡಿದ ಮೇಲೆ

ನನ್ನ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 11 ಮತ್ತು ಉಬುಂಟು ಲಿನಕ್ಸ್ ಮೊದಲಿಂದಲೂ ಇದ್ದವು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಇನ್ನೊಂದು ಎಸ್‌ಎಸ್‌ಡಿ ತಂದು ಅದಕ್ಕೆ ಆರ್ಚ್ ಎಂಬ ಇನ್ನೊಂದು ಲಿನಕ್ಸ್ ಹಾಕಿದೆ. ಆಗಲೇ ಈ ಮೂರು ಬೂಟ್ ಲೋಡರ್‌ಗಳ, ಅಂದರೆ ಕಂಪ್ಯೂಟರ್ ಆನ್ ಆದಾಗ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಬೇಕೆಂದು ಮೆನು ತೋರಿಸಿ ಅದನ್ನು ಶುರುಮಾಡುವ ಪ್ರೋಗ್ರಾಂಗಳ, ಹೋಲಿಕೆ ಶುರುವಾಗಿದ್ದು.

ಗ್ರಬ್ ಉಬುಂಟು ಜೊತೆಗೇ ಬರುತ್ತದೆ. ಸಹಿ ಇಲ್ಲದ ಪ್ರೋಗ್ರಾಂ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೂ ತಕರಾರಿಲ್ಲ, ಬೇಕಾದ ಸಹಿಗಳೆಲ್ಲ ಅದರಲ್ಲೇ ಇರುತ್ತವೆ. ಹಳೇ ಬಯೋಸ್ ಮೆಷಿನ್‌ನಲ್ಲೂ ಓಡುತ್ತದೆ. ಉಳಿದೆರಡಕ್ಕೆ ಬಯೋಸ್ ಜಾಗಕ್ಕೆ ಬಂದ ಹೊಸ ಸ್ಟಾರ್ಟಪ್ ವ್ಯವಸ್ಥೆ ಯುಇಎಫ್‌ಐ ಬೇಕೇ ಬೇಕು. ಆದರೆ ಗ್ರಬ್ ತನ್ನ ಮೆನುವನ್ನು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆರ್ಚ್‌ನಲ್ಲಿ ಎಲ್‌ಟಿಎಸ್ ಕರ್ನಲ್ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಎಲ್‌ಟಿಎಸ್ ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಸೇರಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಉಬುಂಟುಗೆ ಹೋಗಿ ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಬೇಕು. ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಕೂಡ 2.06 ಆವೃತ್ತಿಯಿಂದ ಡೀಫಾಲ್ಟ್ ಆಗಿ ಆಫ್. ವಿಂಡೋಸ್ ಮೆನುವಿನಿಂದ ಮಾಯವಾದರೆ ಮೊದಲು ಅದನ್ನೇ ನೋಡಿ.

ಸಿಸ್ಟಮ್‌ಡಿ-ಬೂಟ್ ತುಂಬಾ ಸರಳ, ಒಂದೊಂದು ಎಂಟ್ರಿಗೆ ನಾಲ್ಕೈದು ಸಾಲಿನ ಟೆಕ್ಸ್ಟ್ ಫೈಲ್ ಅಷ್ಟೇ. ಒಂದೇ ಡಿಸ್ಕ್ ಇದ್ದರೆ ಚೆನ್ನ. ನನ್ನ ವಿಂಡೋಸ್ ಇನ್ನೊಂದು ಡಿಸ್ಕಿನಲ್ಲಿರುವುದರಿಂದ ಅದು ಮೆನುವಿನಲ್ಲಿ ತಾನಾಗಿ ಬರಲೇ ಇಲ್ಲ. ಕರ್ನಲ್ ಕೂಡ ಬೂಟ್ ಫೈಲುಗಳಿಗೆ ಮೀಸಲಾದ ಇಎಫ್‌ಐ ಪಾರ್ಟಿಷನ್‌ನಲ್ಲೋ ಅದೇ ಡಿಸ್ಕಿನ ಪ್ರತ್ಯೇಕ ಬೂಟ್ ಪಾರ್ಟಿಷನ್‌ನಲ್ಲೋ ಇರಬೇಕು. ವಿಂಡೋಸ್ ಸಾಮಾನ್ಯವಾಗಿ ಮಾಡಿಡುವ 100 ಎಂಬಿ ಇಎಫ್‌ಐ ಪಾರ್ಟಿಷನ್‌ನಲ್ಲಿ ಎರಡು ಕರ್ನಲ್ ತುರುಕೋದು ಕಷ್ಟ, ಅಲ್ವಾ?

ನನಗೆ ಮನಸ್ಸಿಗೆ ಹಿಡಿಸಿದ್ದು ರಿಫೈಂಡ್. ರಾಡರಿಕ್ ಸ್ಮಿತ್ 2012ರಲ್ಲಿ ಹಳೇ ರಿಫಿಟ್‌ನಿಂದ ಕವಲೊಡೆಸಿದ್ದು. ಪ್ರತಿ ಸಲ ಕಂಪ್ಯೂಟರ್ ಆನ್ ಆದಾಗಲೂ ಇದು ಎಲ್ಲ ಡಿಸ್ಕುಗಳನ್ನು ಹೊಸದಾಗಿ ಹುಡುಕುತ್ತದೆ. ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಎಕ್ಸ್ಟ್4 ಓದುವ ಡ್ರೈವರ್ ಹಾಕಿದ್ದರೆ ಲಿನಕ್ಸ್ ಪಾರ್ಟಿಷನ್ ಒಳಗಿನ ಕರ್ನಲ್ಲೂ ಸಿಗುತ್ತದೆ. ಎಲ್‌ಟಿಎಸ್ ಕರ್ನಲ್ ಹಾಕಿ ರೀಸ್ಟಾರ್ಟ್ ಮಾಡಿದೆ, ಆರ್ಚ್ ಐಕಾನ್ ಮೇಲೆ ಎಫ್2 ಒತ್ತಿದೆ, ಅದು ಅಲ್ಲೇ ಇತ್ತು. ಯಾವ ಕಮಾಂಡೂ ಬೇಕಾಗಲಿಲ್ಲ. ಕೊನೆಗೆ ಬೂಟ್ ಮಾಡಿದ ಓಎಸ್ ಅನ್ನೇ ನೆನಪಿಟ್ಟುಕೊಳ್ಳುತ್ತದೆ ಕೂಡ. ವಿಂಡೋಸ್ ಅಪ್‌ಡೇಟ್ ನಡುವೆ ಪದೇ ಪದೇ ರೀಸ್ಟಾರ್ಟ್ ಆದರೂ ಸೀದಾ ವಿಂಡೋಸ್‌ಗೇ ಹೋಗುತ್ತದೆ. ಗ್ರಬ್‌ನಲ್ಲಿ ಇದಕ್ಕೆ ಎರಡು ಸಾಲು ಸೆಟ್ಟಿಂಗ್ ಬರೆಯಬೇಕು.

ಮೊದಲ ಸಲ ರಿಫೈಂಡ್ ಬೇಡದ ಐಕಾನ್‌ಗಳನ್ನೂ ಸಾಲಾಗಿ ತೋರಿಸುತ್ತದೆ. ಬೇಡದ್ದರ ಮೇಲೆ ಡಿಲೀಟ್ ಕೀ ಒತ್ತಿದರೆ ಮರೆಯಾಗುತ್ತದೆ. ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ರಿಫೈಂಡ್ ಇನ್‌ಸ್ಟಾಲ್ ಮಾಡುವವರು ಮಾತ್ರ ಹುಷಾರು: ಕರ್ನಲ್ ಆಪ್ಷನ್ ಫೈಲಿಗೆ ಆ ಯುಎಸ್‌ಬಿಯ ವಿವರಗಳೇ ಬಂದುಬಿಡಬಹುದು, ತೆರೆದು ನೋಡಿ ಸರಿಮಾಡಿ.

ಸೆಕ್ಯೂರ್ ಬೂಟ್ ವಿಷಯದಲ್ಲಿ ರಿಫೈಂಡ್‌ಗೆ ಕೆಲಸ ಜಾಸ್ತಿ, ಕೀಗಳನ್ನು ನಾವೇ ಸೇರಿಸಬೇಕು. ಬೂಟ್ ಪಾರ್ಟಿಷನ್ ಎನ್‌ಕ್ರಿಪ್ಟ್ ಆಗಿದ್ದರೆ ರಿಫೈಂಡ್‌ಗೆ ಅದನ್ನು ತೆರೆಯಲೂ ಆಗುವುದಿಲ್ಲ. ಅದಕ್ಕೇ ಜಯನಗರದ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಗ್ರಬ್ ಅನ್ನೇ ಬಿಟ್ಟೆ. ಅವನದ್ದು ವಿಂಡೋಸ್ ಮತ್ತು ಒಂದು ಉಬುಂಟು, ಸೆಕ್ಯೂರ್ ಬೂಟ್ ಆನ್. ಸುಮ್ನೆ ಬದಲಾಯಿಸಿ ಏನು ಮಾಡೋದು?

ನೀವು ಯಾವುದನ್ನೇ ಹಾಕಿ, ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಆದ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಮೊದಲೇ ಹಾಳೆಯಲ್ಲಿ ಬರೆದಿಡಿ. ಬೂಟ್ ಹಾದಿ ಬದಲಾದ ಮೇಲೆ ವಿಂಡೋಸ್ ಅದನ್ನು ಕೇಳಬಹುದು.